ಅಪ್ಪನಿಗೆ ಸ್ಟೆಂಟ್ ಆಗಿದೆ, ಈಗ ಸಿಆರ್‌ಪಿ (ರಕ್ತದಲ್ಲಿ ಉರಿಯೂತ ತೋರಿಸುವ ಟೆಸ್ಟ್) 6.8 ಬಂದಿದೆ. ಅನುಭವ ಇದ್ದವರು ಹೇಳಿ

ಬೇಲೂರಿನವನು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಅಟ್ಯಾಕ್ ಆಗಿ ಹೃದಯದ ಮುಂಭಾಗದ ದೊಡ್ಡ ರಕ್ತನಾಳಕ್ಕೆ (ಎಲ್‌ಎಡಿ) ಒಂದು ಸ್ಟೆಂಟ್ ಹಾಕಿದ್ದಾರೆ. ಹತ್ತಿರ ಹತ್ತಿರ ಎರಡು ತಿಂಗಳಾಯಿತು. ಈಗ ಆರಾಮಾಗಿ ಓಡಾಡುತ್ತಾರೆ, ಎದೆ ನೋವು ಇಲ್ಲ, ಎಕೋದಲ್ಲಿ ಇಎಫ್, ಅಂದರೆ ಹೃದಯ ಪಂಪ್ ಮಾಡುವ ಶಕ್ತಿ, 50. ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 58ಕ್ಕೆ ಇಳಿದಿದೆ. ಶುಗರ್ ಇಲ್ಲ, ಬೀಡಿ ಬಿಟ್ಟಿದ್ದಾರೆ.

ಬೆಂಗಳೂರಿನಿಂದ ಬಂದ ಅಣ್ಣ ಒಂದು ಪ್ಯಾಕೇಜ್ ಟೆಸ್ಟ್ ಮಾಡಿಸಿದ. ಉರಿಯೂತ ತೋರಿಸುವ ಮೂರು ನಂಬರ್: ಎಚ್‌ಎಸ್-ಸಿಆರ್‌ಪಿ (ಸೂಕ್ಷ್ಮವಾಗಿ ಅಳೆಯುವ ಸಿಆರ್‌ಪಿ) 6.8, ಇಎಸ್‌ಆರ್ 38, ಎನ್‌ಎಲ್‌ಆರ್ 4.1. ಮೂರಕ್ಕೂ ಕೆಂಪು ಬಾಣ. ರಕ್ತದಲ್ಲಿ ಉರಿಯೂತ ಜಾಸ್ತಿ ಇದ್ದರೆ ಸ್ಟೆಂಟ್ ಮತ್ತೆ ಮುಚ್ಚುತ್ತೆ ಅಂತ ಎಲ್ಲೋ ಓದಿಕೊಂಡು, ಇನ್ನೊಂದು ಆಂಜಿಯೋಗ್ರಾಂ ಆಗಲೇಬೇಕು ಅಂತ ಹಟ ಹಿಡಿದಿದ್ದಾನೆ. ಹಾಸನದ ನಮ್ಮ ಡಾಕ್ಟರ್ ನೋಡಿ, "ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ" ಅಂದರು, ಅಷ್ಟೇ. ಸೋದರಮಾವ ಉರಿಯೂತ ತಗ್ಗಿಸುವ ಕಾಲ್ಚಿಸಿನ್ ಮಾತ್ರೆ ಶುರು ಮಾಡಿ ಅನ್ನುತ್ತಾರೆ.

ಅಪ್ಪನಿಗೆ ಮಂಡಿ ನೋವು ಇದೆ, ಆಗಾಗ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗುತ್ತಾರೆ. ಒಸಡು ಊದಿಕೊಂಡು ರಕ್ತ ಬರುತ್ತೆ, ಅದು ಹಳೇದು. ಈ ಥರ ನಂಬರ್ ಬಂದವರು ಇದ್ದೀರಾ? ಆಮೇಲೆ ಏನಾಯಿತು?

ಮೂಡಿಗೆರೆ ಕಾಫಿ ಕಣ

ನಿಮಗೆ ಕೆಂಪು ಬಾಣ ತೋರಿಸುವವರಾದರೂ ಸಿಕ್ಕಿದರು. ನನಗೆ ಆ ಟೆಸ್ಟನ್ನು ಯಾರೂ ಬರೆಯಲೇ ಇಲ್ಲ.

2019ರ ಬೇಸಿಗೆಯಲ್ಲಿ ಘಟ್ಟದ ಕೆಳಗೆ ಒಂದು ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿಸಿಕೊಂಡೆ. ಕೊಲೆಸ್ಟ್ರಾಲ್ ನೋಡಿದರು, ಶುಗರ್ ನೋಡಿದರು, ಕ್ರಿಯಾಟಿನಿನ್ ನೋಡಿದರು. ಉರಿಯೂತ ಅಂತ ಒಂದಿದೆ ಅಂತ ಬಾಯಿ ಬಿಡಲಿಲ್ಲ. ಆಗಸ್ಟ್‌ನಲ್ಲಿ ಫಾಲೋಅಪ್‌ಗೆ ಹೊರಡಬೇಕು ಅನ್ನುವಷ್ಟರಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್. ಕೊಯ್ಲು ಶುರುವಾಗುವ ಹೊತ್ತಿಗೆ ಕಣದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಎದೆ ಹಿಡಿಯುತ್ತಿತ್ತು. ಬೆಂಗಳೂರಿಗೆ ಹೋದೆ. ಒಂದು ಸ್ಟೆಂಟ್ ಒಳಗೇ 80% ಮುಚ್ಚಿತ್ತು. ಅಲ್ಲಿನವರು ಎಚ್‌ಎಸ್-ಸಿಆರ್‌ಪಿ ಮಾಡಿಸಿದರು. 9.2! "ಮೊದಲು ಎಷ್ಟಿತ್ತು?" ಅಂತ ಕೇಳಿದರು. ಯಾರಿಗೆ ಗೊತ್ತು?

ಖರ್ಚು ಕೇಳಿ. 2017ರಲ್ಲಿ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಮದ್ದು ಲೇಪಿಸಿದ್ದಕ್ಕೆ 29,600, ಬರೀ ಲೋಹದ್ದಕ್ಕೆ 7,260, ತೆರಿಗೆ ಬೇರೆ. ಸ್ಟೆಂಟ್ ಅಗ್ಗವಾಯಿತು ಅಂತ ಖುಷಿಪಟ್ಟಿದ್ದೆವು. ಬಿಲ್‌ನಲ್ಲಿ ಬೇರೆಲ್ಲ ಸಾಲು ಬೆಳೆದಿದ್ದವು. ಕ್ಯಾತ್ ಲ್ಯಾಬ್ 62,000, ಡಾಕ್ಟರ್ ಫೀಸ್ 45,000, "ಕನ್ಸ್ಯೂಮಬಲ್ಸ್" ಅಂತ ಒಂದು ಸಾಲು 38,400. ಅದರೊಳಗೆ ಏನಿದೆ ಅಂದರೆ ಯಾರೂ ಹೇಳುವುದಿಲ್ಲ. ಎರಡನೇ ಸಲ ಒಟ್ಟು 2,71,000.

ಇನ್ಶೂರೆನ್ಸ್ 3 ಲಕ್ಷದ್ದು ಇತ್ತು. ರೂಮಿಗೆ ದಿನಕ್ಕೆ 1%, ಅಂದರೆ 3,000 ಮಿತಿ. ಆವತ್ತು ಖಾಲಿ ಇದ್ದದ್ದು 6,000ದ ರೂಮ್ ಒಂದೇ. ರೂಮಿನ ಹೆಚ್ಚುವರಿ ಮಾತ್ರ ಕಟ್ಟಿದರೆ ಸಾಕು ಅಂದುಕೊಳ್ಳುತ್ತೀರಿ, ಅಲ್ವಾ? ಇಲ್ಲ. ಡಾಕ್ಟರ್ ಫೀಸ್, ನರ್ಸಿಂಗ್, ಕ್ಯಾತ್ ಲ್ಯಾಬ್, ಎಲ್ಲದರಲ್ಲೂ ಅರ್ಧ ಕತ್ತರಿಸಿದರು. ಮದ್ದು, ಬಲೂನ್ ಮಾತ್ರ ಪೂರ್ತಿ ಕೊಟ್ಟರು. ಕೈಯಿಂದ 1,04,000 ಹೋಯಿತು. ಕಾಫಿ ರೇಟು ಬಿದ್ದಿದ್ದ ಕಾಲ ಅದು.

600 ರೂಪಾಯಿ ಟೆಸ್ಟ್ ಮೊದಲೇ ಮಾಡಿದ್ದರೆ ಇದೆಲ್ಲ ಆಗುತ್ತಿತ್ತಾ? ನಿಮ್ಮ ಅಣ್ಣ ಹೇಳಿದ್ದು ಸರಿ. ಆಂಜಿಯೋಗ್ರಾಂ ಮಾಡಿಸಿ.

ಅರಸೀಕೆರೆ ಮೇಷ್ಟ್ರು

ಎಲ್ಲರೂ ಸ್ಟೆಂಟ್ ಸ್ಟೆಂಟ್ ಅಂತ ಓಡುವುದಕ್ಕೇ ಇಷ್ಟೆಲ್ಲ ಗೋಳು. ತೂತು ಬಿದ್ದ ಪೈಪಿಗೆ ಟೇಪ್ ಸುತ್ತಿದ ಹಾಗೆ ಅದು. ನನಗೆ ಮೂರು ಬ್ಲಾಕ್, ಹದಿನೈದು ವರ್ಷದ ಶುಗರ್. ನೇರವಾಗಿ ಬೈಪಾಸ್ ಮಾಡಿಸಿದೆ. ಇವತ್ತಿಗೂ ಬೆಳಿಗ್ಗೆ ಎದ್ದು ಮಾಲೇಕಲ್ಲು ತಿರುಪತಿ ಕಡೆ ವಾಕಿಂಗ್ ಹೋಗುತ್ತೇನೆ.

6.8ಕ್ಕೆ ಹೆದರುತ್ತೀರಲ್ಲ, ನನಗೆ ಆಪರೇಷನ್ ಆಗಿ ಎರಡು ಮೂರು ದಿನಕ್ಕೆ ಸಿಆರ್‌ಪಿ 160 ಇತ್ತು. ಮಗಳು ಐಸಿಯು ಬಾಗಿಲಲ್ಲಿ ಅಳುತ್ತಿದ್ದಳು. ಎದೆ ಸೀಳಿದ ಮೇಲೆ ಅಷ್ಟು ಏರುವುದು ಮಾಮೂಲು ಅಂತ ಸರ್ಜನ್ ಹೇಳಿದರು. ಆಮೇಲೆ ಎದೆಬಡಿತದ ಲಯ ತಪ್ಪಿತು, 140ಕ್ಕೆ ಹೋಯಿತು. ಅದೂ ಬೈಪಾಸ್ ಆದವರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಆಗುತ್ತದಂತೆ. ಅಮಿಯೋಡರೋನ್ ಡ್ರಿಪ್ ಹಾಕಿ ಸರಿ ಮಾಡಿದರು.

ಸಿಆರ್‌ಪಿ ಇಳಿಯುತ್ತ 40ಕ್ಕೆ ಬಂತು. ವಾರ್ಡಿಗೆ ಹಾಕಿದರು. ಮತ್ತೆ ನೋಡಿದರೆ 96. ಜ್ವರ ಇಲ್ಲ, ಎದೆಯ ಗಾಯ ಒಣಗಿದೆ. ಸರ್ಜನ್ ಬಂದವರು ಎದೆ ನೋಡಲೇ ಇಲ್ಲ, ಕಾಲಿನ ಬ್ಯಾಂಡೇಜ್ ಬಿಚ್ಚಿಸಿದರು. ರಕ್ತನಾಳ ತೆಗೆದ ಜಾಗದಲ್ಲಿ, ಮೀನಖಂಡದ ಹತ್ತಿರ, ಒಳಗೆ ಕೀವು. ಇಳಿದದ್ದು ಮತ್ತೆ ಏರಿದರೆ ಎಲ್ಲೋ ಸೋಂಕು ಕೂತಿರಬಹುದು ಅಂತ ಅರ್ಥ. ಅದಕ್ಕೇ ಒಂದು ನಂಬರ್ ನೋಡಬಾರದು, ಏರಿಳಿತ ನೋಡಬೇಕು. ಡ್ರೆಸ್ಸಿಂಗ್‌ಗೇ 11,000 ಆಯಿತು. ಕಾಲಿನ ಕಲೆ ಈಗಲೂ ಇದೆ. ಬೇಕಾದವರಿಗೆ ಫೋಟೋ ಹಾಕುತ್ತೇನೆ.

ಮೂಡಿಗೆರೆ ಕಾಫಿ ಕಣ

ಮೇಷ್ಟ್ರೇ, ಫೋಟೋ ಬೇಡ. ಟೇಪ್ ಸುತ್ತಿಸಿಕೊಂಡವರು ಇಲ್ಲಿ ಅರ್ಧಕ್ಕರ್ಧ ಜನ ಇದ್ದೇವೆ, ಮಾತು ನೋಡಿ ಆಡಿ. ಅವರಪ್ಪನಿಗೆ ಇದ್ದದ್ದು ಒಂದು ಬ್ಲಾಕ್, ಅದೂ ಅಟ್ಯಾಕ್ ಆಗಿ ಮಲಗಿದ್ದಾಗ. ಅಂಥ ಹೊತ್ತಲ್ಲಿ ಎದೆ ಸೀಳುತ್ತ ಕೂರುತ್ತಾರಾ?

ಸಕಲೇಶಪುರ ಸೊಸೆ

ನಂಬರ್ ನಂಬಿಕೊಂಡು ಕೂತವರಿಗೆ ಒಂದು ಮಾತು. ನಮ್ಮ ಅತ್ತೆಗೆ ಸ್ಟೆಂಟ್ ಆದ ಮೇಲೆ ಎಚ್‌ಎಸ್-ಸಿಆರ್‌ಪಿ 0.7. ಒಂದಕ್ಕಿಂತ ಕಡಿಮೆ. ಡಾಕ್ಟರ್ ಬೆನ್ನು ತಟ್ಟಿ ಕಳಿಸಿದ್ದರು. ಎಲ್‌ಡಿಎಲ್ 51. ರಿಪೋರ್ಟ್ ನೋಡಿದರೆ ಇಪ್ಪತ್ತರ ಹುಡುಗಿ.

ಐದನೇ ತಿಂಗಳಲ್ಲಿ ದವಡೆ ಹಲ್ಲು ನೋವು ಬಂತು. ಹಲ್ಲಿನ ಡಾಕ್ಟರ್, ಊರು ಹೆಸರು ಬೇಡ, "ರಕ್ತ ತೆಳುವಾಗುವ ಮಾತ್ರೆ ಒಂದು ವಾರ ನಿಲ್ಲಿಸಿ ಬನ್ನಿ" ಅಂದರು. ಕ್ಲೋಪಿಡೋಗ್ರೆಲ್, ಆಸ್ಪಿರಿನ್, ಎರಡೂ. ಹೃದಯದ ಡಾಕ್ಟರನ್ನು ಕೇಳಿ ಅಂತ ಹೇಳಲಿಲ್ಲ. ಹಲ್ಲು ಕಿತ್ತು ಮನೆಗೆ ಬಂದರು, ಆ ರಾತ್ರಿಯೇ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್, ಹಾಸನಕ್ಕೆ. ಆಂಬುಲೆನ್ಸ್ 4,500, ಹೆಪ್ಪು ಎಳೆಯುವ ಕ್ಯಾತಿಟರ್ 28,000, ಇನ್ನೊಂದು ಸ್ಟೆಂಟ್, ಐಸಿಯು, ಒಟ್ಟು 2,18,000. ಇಎಫ್ 55 ಇದ್ದದ್ದು 35ಕ್ಕೆ ಬಿತ್ತು. ಈಗ ಮೆಟ್ಟಿಲು ಹತ್ತುವುದಿಲ್ಲ. ನಮ್ಮ ಮನೆ ಇರುವುದೇ ಏರಿನ ಮೇಲೆ.

ಆ 0.7 ಏನು ಕಿಸಿದು ಗುಡ್ಡೆ ಹಾಕಿತು ಹೇಳಿ. ಸ್ಟೆಂಟ್ ಆದವರು ನೋಡಬೇಕಾದದ್ದು ಮಾತ್ರೆ ಡಬ್ಬಿ. ಉಳಿದದ್ದೆಲ್ಲ ಲ್ಯಾಬ್‌ನವರ ವ್ಯಾಪಾರ.

ಓದುವ ಹುಚ್ಚು, ಚಿಕ್ಕಮಗಳೂರು

ಅಕ್ಕಾ, ನಿಮ್ಮ ಅತ್ತೆಗೆ ಆದದ್ದಕ್ಕೆ ಬೇಜಾರಿದೆ. ಆದರೆ ಎರಡೂ ಬೇರೆ ಬೇರೆ. ಮಾತ್ರೆ ನಿಲ್ಲಿಸಿದ್ದಕ್ಕೆ ಹೆಪ್ಪುಗಟ್ಟಿದ್ದು ಒಂದು. ರಕ್ತನಾಳದ ಗೋಡೆಯೊಳಗೆ ಉರಿಯೂತ ಉಳಿದುಕೊಂಡು ನಿಧಾನವಾಗಿ ತೊಂದರೆ ಕೊಡುವುದು ಇನ್ನೊಂದು. ಎಲ್‌ಡಿಎಲ್ ಚೆನ್ನಾಗಿ ಇಳಿದಿದ್ದರೂ ಸಿಆರ್‌ಪಿ 2ಕ್ಕಿಂತ ಮೇಲೆ ಉಳಿದವರಿಗೆ ಮುಂದೆ ಅಟ್ಯಾಕ್, ಸಾವಿನ ಅಪಾಯ ಜಾಸ್ತಿ ಅಂತ ಸ್ಟೆಂಟ್ ಆದವರ ಮೇಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಸುಮ್ನೆ ವ್ಯಾಪಾರ ಅಂದರೆ ಆಗುವುದಿಲ್ಲ.

ಕಾಫಿ ಕಣದ ಗೌಡ್ರೇ, ನಿಮಗೂ ಒಂದು. ಬರೀ ಲೋಹದ ಸ್ಟೆಂಟ್ ಕಾಲದಲ್ಲಿ ಸಿಆರ್‌ಪಿ ಜಾಸ್ತಿ ಇದ್ದರೆ ಸ್ಟೆಂಟ್ ಮತ್ತೆ ಕಿರಿದಾಗುತ್ತದೆ ಅನ್ನುವುದು ಸ್ಪಷ್ಟವಾಗಿ ಕಂಡಿತ್ತು. ಈಗಿನ ಸ್ಟೆಂಟ್ ಮೇಲೆ ಸಿರೋಲಿಮಸ್, ಎವೆರೋಲಿಮಸ್ ಥರದ ಮದ್ದಿರುತ್ತೆ, ಅದು ಒಳಗೆ ಅಂಗಾಂಶ ಬೆಳೆಯದ ಹಾಗೆ ತಡೆಯುತ್ತೆ. ಅದಕ್ಕೇ ಮತ್ತೆ ಮುಚ್ಚುವುದಕ್ಕೂ ಸಿಆರ್‌ಪಿಗೂ ನಂಟು ಈಗ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ನಿಮ್ಮ 9.2 ಮುಚ್ಚಿದ ಮೇಲೆ ತೆಗೆದದ್ದು. ಮೊದಲೇ ತೆಗೆದಿದ್ದರೆ ತಪ್ಪುತ್ತಿತ್ತು ಅನ್ನುವುದಕ್ಕೆ ಆಧಾರ ಇಲ್ಲ.

ಇನ್ನು ಕಾಲ್ಚಿಸಿನ್. ನಾನೇ ತಗೊಳ್ಳುತ್ತೇನೆ, ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲು ನೋವು) ಇದೆ, ಸ್ಟೆಂಟೂ ಇದೆ. 2017ರಲ್ಲಿ ಕ್ಯಾಂಟೋಸ್ ಅಂತ ದೊಡ್ಡ ಪ್ರಯೋಗ ಬಂತು, ಹತ್ತು ಸಾವಿರಕ್ಕೂ ಮೇಲೆ ಜನ, ಎಲ್ಲರಿಗೂ ಅಟ್ಯಾಕ್ ಆಗಿತ್ತು, ಸಿಆರ್‌ಪಿ 2 ಅಥವಾ ಮೇಲೆ. ಉರಿಯೂತ ತಗ್ಗಿಸುವ ಕ್ಯಾನಕಿನುಮ್ಯಾಬ್ ಇಂಜೆಕ್ಷನ್ ಕೊಟ್ಟಾಗ ಹೃದಯದ ತೊಂದರೆ 15% ಇಳಿಯಿತು. ಕೊಲೆಸ್ಟ್ರಾಲ್ ಮುಟ್ಟದೇ! ಆದರೆ ಸೋಂಕಿನಿಂದ ಸತ್ತವರು ಜಾಸ್ತಿಯಾದರು, ಬೆಲೆಯೂ ವಿಪರೀತ. ಆಮೇಲೆ ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ನೋಡಿದರು, ಕೆಲಸ ಮಾಡಲಿಲ್ಲ. 2019ರ ಕೋಲ್ಕಾಟ್ ಪ್ರಯೋಗದಲ್ಲಿ ದಿನಕ್ಕೆ 0.5 ಎಂಜಿ ಕಾಲ್ಚಿಸಿನ್‌ಗೆ ಹೃದಯದ ತೊಂದರೆ 23% ಇಳಿಕೆ. 2020ರ ಲೊಡೊಕೊ-2ರಲ್ಲಿ 31%. 2023ರಲ್ಲಿ ಅಮೆರಿಕದಲ್ಲಿ ಹೃದಯಕ್ಕೆ ಅಂತಲೇ ಒಪ್ಪಿಗೆ ಸಿಕ್ಕಿತು.

ಸಕಲೇಶಪುರ ಸೊಸೆ

ಪರ್ಸೆಂಟೇಜ್ ಹೇಳಿದರೆ ನಮ್ಮ ಅತ್ತೆ ಮೆಟ್ಟಿಲು ಹತ್ತುತ್ತಾರಾ? 2024ರಲ್ಲಿ ಬಂದದ್ದನ್ನು ಯಾಕೆ ನುಂಗಿಬಿಟ್ಟಿರಿ? ನಮ್ಮ ಯಜಮಾನರೂ ಓದುತ್ತಾರೆ.

ಓದುವ ಹುಚ್ಚು, ಚಿಕ್ಕಮಗಳೂರು

ನುಂಗಿಲ್ಲ, ಬರೆಯುತ್ತ ಇದ್ದೆ. 2024ರ ಕ್ಲಿಯರ್ ಪ್ರಯೋಗ, ಏಳು ಸಾವಿರ ಜನ, ಅಟ್ಯಾಕ್ ಆದ ಕೂಡಲೇ ಕಾಲ್ಚಿಸಿನ್. ಸಿಆರ್‌ಪಿ ಇಳಿಯಿತು, ಅಟ್ಯಾಕ್-ಸಾವು ಇಳಿಯಲಿಲ್ಲ. ಮಾತ್ರೆ ತಗೊಂಡವರಲ್ಲಿ 9.1%, ತಗೊಳ್ಳದವರಲ್ಲಿ 9.3%. ಭೇದಿ ಮಾತ್ರ ಜಾಸ್ತಿ, 10.2% ಜನಕ್ಕೆ. ಒಪ್ಪುತ್ತೇನೆ. ಆದರೆ ನನಗೆ ಒಗ್ಗಿದೆ, ಬಿಡುವುದಿಲ್ಲ. ಒಂದು ಸ್ಟ್ರಿಪ್‌ಗೆ ಎಷ್ಟಾಗುತ್ತೆ ಮಹಾ. ಮೊದಲ ತಿಂಗಳು ಹೊಟ್ಟೆ ಕೆಟ್ಟು ಕಡೂರು ದಾಟುವುದರೊಳಗೆ ಬಸ್ ನಿಲ್ಲಿಸಬೇಕಾಗುತ್ತಿತ್ತು, ಅದು ಬೇರೆ ವಿಷಯ. ಕಿಡ್ನಿ ಸರಿಯಿಲ್ಲದವರು ತಗೊಳ್ಳಬಾರದು. ಕ್ಲಾರಿತ್ರೋಮೈಸಿನ್ ಆಂಟಿಬಯೋಟಿಕ್ ಜೊತೆ ಸೇರಿದರೆ ವಿಷವಾಗುತ್ತೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಜೊತೆ ತಗೊಂಡು ಮಾಂಸಖಂಡ ನೋವು ಬಂದರೆ ಡಾಕ್ಟರಿಗೆ ಹೇಳಬೇಕು.

ಮಲೆನಾಡ ಮದ್ದು

ಇಷ್ಟೆಲ್ಲ ಕಷ್ಟ ಯಾಕೆ? ಆ ಕಾಲ್ಚಿಸಿನ್ ಇರುವುದು ನಮ್ಮ ಗೌರಿ ಹೂವಿನ ಗಡ್ಡೆಯಲ್ಲಿ. ಗೌರಿ ಹಬ್ಬಕ್ಕೆ ಬೇಲಿ ಮೇಲೆ ಕೆಂಪಗೆ ಬೆಂಕಿಯಂತೆ ಅರಳುತ್ತಲ್ಲ, ಅಗ್ನಿಶಿಖೆ, ಅದೇ. ನಮ್ಮ ಅಜ್ಜ ಗಡ್ಡೆಯನ್ನು ಗೋಮೂತ್ರದಲ್ಲಿ ನೆನೆಸಿ ಕೊಡುತ್ತಿದ್ದರು. ಸಂಧಿವಾತ ಹೋಗುತ್ತಿತ್ತು. ಕಂಪನಿಯವರು ಅದನ್ನೇ ತೆಗೆದು ಮಾತ್ರೆ ಮಾಡಿ ನಮಗೇ ಮಾರುತ್ತಾರೆ.

ಲ್ಯಾಬ್ ಅಕ್ಕ, ಹಾಸನ

ಸರ್, ದಯವಿಟ್ಟು ಆ ಮೇಲಿನ ಮಾತು ತೆಗೆಯಿರಿ. ಗೌರಿ ಹೂವಿನ ಗಡ್ಡೆ ತಿಂದು ಸತ್ತವರಿದ್ದಾರೆ. ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ ಅಂತ ಅಳತೆ ಇದೆ. ಗಡ್ಡೆಯಲ್ಲಿ ಎಷ್ಟಿದೆ ಅಂತ ನಿಮ್ಮ ಅಜ್ಜನಿಗೂ ಗೊತ್ತಿರಲಿಲ್ಲ. ಮೊದಲು ವಾಂತಿ-ಭೇದಿ, ಆಮೇಲೆ ಕಿಡ್ನಿ, ಮೂಳೆ ಮಜ್ಜೆ ಎಲ್ಲ ಹೋಗುತ್ತೆ. ಯಾರಾದರೂ ಓದಿ ಮಾಡಿಬಿಟ್ಟರೆ?

ಮಲೆನಾಡ ಮದ್ದು

ಶುದ್ಧಿ ಮಾಡಿ ಕೊಟ್ಟರೆ ಏನೂ ಆಗುವುದಿಲ್ಲ. ನೂರಾರು ವರ್ಷದ ಪದ್ಧತಿ. ನಿಮ್ಮ ಲ್ಯಾಬ್ ಮೊನ್ನೆ ಬಂದದ್ದು.

ಅರಸೀಕೆರೆ ಮೇಷ್ಟ್ರು

ಶುದ್ಧಿ ಮಾಡುವ ವೈದ್ಯ ಬೇರೆ, ಬೇಲಿಯಿಂದ ಕಿತ್ತು ತರುವವನು ಬೇರೆ. ಸ್ಟೆಂಟ್ ಆದವನಿಗೆ ಗಡ್ಡೆ ತಿನ್ನಿ ಅಂತ ಬರೆಯುವವನಿಗೆ ನಾಚಿಕೆ ಆಗಬೇಕು. ನಾನು 34 ವರ್ಷ ವಿಜ್ಞಾನ ಪಾಠ ಮಾಡಿದವನು.

ಹೊಳೆನರಸೀಪುರ ಟ್ಯಾಕ್ಸಿ

ನಂದೂ ಹೇಳಿಬಿಡುತ್ತೇನೆ. 2025ರ ಜೂನ್-ಜುಲೈನಲ್ಲಿ ಹಾಸನ ಅಂದರೆ ಹಾರ್ಟ್ ಅಟ್ಯಾಕ್ ಅಂತ ಟಿವಿಯಲ್ಲಿ ದಿನಾ ಬರುತ್ತಿತ್ತಲ್ಲ, ಜನ ಬೆಳಗಿನ ಜಾವಕ್ಕೇ ಮೈಸೂರು ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ದರು. ನಾನೇ ಗಾಡಿ ತುಂಬ ಕರೆದುಕೊಂಡು ಹೋಗುತ್ತಿದ್ದೆ. ಸರ್ಕಾರದ ಸಮಿತಿ ಆಮೇಲೆ ಸಾವು ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ಸತ್ತವರಲ್ಲಿ ಆಟೋ, ಕ್ಯಾಬ್ ಡ್ರೈವರ್‌ಗಳು ಜಾಸ್ತಿ ಇದ್ದರು ಅಂತಲೂ ಅದರಲ್ಲಿತ್ತು. ಅದನ್ನು ಓದಿದಾಗ ಕೈ ತಣ್ಣಗಾಯಿತು.

ಯಾಕೆಂದರೆ ನನಗೆ ಅದಕ್ಕೂ ಮುಂಚೆಯೇ ಆಗಿತ್ತು. 38 ವಯಸ್ಸು. ಚನ್ನರಾಯಪಟ್ಟಣದ ಬಾಡಿಗೆ ಇಳಿಸಿ ಟೀ ಕುಡಿಯುತ್ತಿದ್ದೆ, ಎಡಗೈ ಜೋಮು, ಬೆವರು. ತಾಲ್ಲೂಕು ಆಸ್ಪತ್ರೆಗೆ ನಾನೇ ಗಾಡಿ ಓಡಿಸಿಕೊಂಡು ಹೋದೆ. ಇಸಿಜಿ ತೆಗೆದು ಫೋನಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು, ಅಲ್ಲಿಂದ ಹೇಳಿದ ಮೇಲೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಹಾಕಿದರು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ಹೊರಗೆ ಹತ್ತಾರು ಸಾವಿರದ ಇಂಜೆಕ್ಷನ್, ನನಗೆ ಒಂದು ರೂಪಾಯಿ ಇಲ್ಲ. ಆಮೇಲೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸ್ಟೆಂಟ್. ಅದಕ್ಕೂ ಇಲ್ಲ. ರೆಫರಲ್ ಚೀಟಿ ಒಂದು ಇಟ್ಟುಕೊಳ್ಳಿ, ಅದಿಲ್ಲದೆ ಕೌಂಟರ್‌ನಲ್ಲಿ ಮುಖ ನೋಡುವುದಿಲ್ಲ. ಕೈಯಿಂದ ಹೋದದ್ದು ಊಟ, ಲಾಡ್ಜು, ಹೆಂಡತಿ ಓಡಾಟ ಸೇರಿ 9,300. ಗಾಡಿ ನಿಂತದ್ದಕ್ಕೆ ಎರಡು ಕಂತು ಬಾಕಿ, 12,400ರಂತೆ. ಫೈನಾನ್ಸ್‌ನವನು ಐಸಿಯು ಹತ್ತಿರ ಬಂದಿದ್ದ ಸ್ವಾಮಿ.

ಅಡ್ಮಿಟ್ ಆದಾಗ ಸಿಆರ್‌ಪಿ 42. ಮೂರು ತಿಂಗಳ ಮೇಲೆ 1.1. ಬೀಡಿ ಬಿಟ್ಟೆ, ಗುಟ್ಕಾ ಬಿಟ್ಟೆ, ಅಷ್ಟೇ.

ಮೂಡಿಗೆರೆ ಕಾಫಿ ಕಣ

ಕಾರಿದೆ, ಬಿಪಿಎಲ್ ಕಾರ್ಡೂ ಇದೆ. ಚೆನ್ನಾಗಿದೆ. ತೆರಿಗೆ ಕಟ್ಟುವವರು ನಾವು, ಬಿಲ್ ಕಟ್ಟುವವರೂ ನಾವು.

ಹೊಳೆನರಸೀಪುರ ಟ್ಯಾಕ್ಸಿ

ಗೌಡ್ರೇ, ಅದು ಹಳದಿ ಬೋರ್ಡ್ ಗಾಡಿ, ಅದೂ ಸಾಲದ್ದು. ಹೊಟ್ಟೆಪಾಡಿನ ಒಂದು ಗಾಡಿಗೆ ನಿಯಮದಲ್ಲೇ ವಿನಾಯಿತಿ ಇದೆ. ಕೃಷಿ ಆದಾಯಕ್ಕೆ ನೀವು ಯಾವ ತೆರಿಗೆ ಕಟ್ಟುತ್ತೀರಿ ಅಂತ ನಾನು ಕೇಳಿದೆನಾ? ಎಪಿಎಲ್‌ನವರಿಗೂ ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜಿನ 30% ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯೂ ನಿಂತು ಚೀಟಿ ಬರೆಸಬೇಕು. ಅದು ನಿಮಗೆ ಆಗಲ್ಲ.

ಮೂಡಿಗೆರೆ ಕಾಫಿ ಕಣ

ಕಾಫಿ ತೋಟ ಇದ್ದವರೆಲ್ಲ ಎಸ್ಟೇಟ್ ಸಾಹುಕಾರರು ಅಂದುಕೊಂಡಿದ್ದೀಯಾ? ನನ್ನದು ನಾಲ್ಕು ಎಕರೆ. ಅದರಲ್ಲೂ ಒಂದೂವರೆ ಆನೆ ಪಾಲು.

ಅರಸೀಕೆರೆ ಮೇಷ್ಟ್ರು

ಇಬ್ಬರೂ ಬಿಪಿ ಮಾತ್ರೆ ತಗೊಂಡು ಮಲಗಿ. ಕೇಳಿದವನು ಬೇರೆ, ಜಗಳ ಬೇರೆ. ಒಂದು ಹೇಳುತ್ತೇನೆ, ಬೈಪಾಸ್ ಮಾಡಿಸಿಕೊಂಡಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಓದುವ ಹುಚ್ಚು, ಚಿಕ್ಕಮಗಳೂರು

ಮೇಷ್ಟ್ರೇ, ಶುಗರ್ ಇದ್ದು ಎರಡು ಮೂರು ನಾಳದಲ್ಲಿ ಬ್ಲಾಕ್ ಇದ್ದವರಿಗೆ ಬೈಪಾಸ್ ಮೇಲು ಅಂತ 2012ರಲ್ಲೇ ಫ್ರೀಡಂ ಪ್ರಯೋಗ ತೋರಿಸಿತು. ಅದು ನಿಮ್ಮ ಕೇಸ್. ಇವರಪ್ಪನಿಗೆ ಶುಗರ್ ಇಲ್ಲ, ಬ್ಲಾಕ್ ಒಂದೇ. ಪ್ರತಿ ಸಲ ಅದೇ ಹಾಡು ಬೇಡ.

ಅರಸೀಕೆರೆ ಮೇಷ್ಟ್ರು

ಬಸ್ ನಿಲ್ಲಿಸಿಕೊಂಡು ಓಡುವವರು ನನಗೆ ಹೇಳಬೇಕಾಗಿಲ್ಲ.

ಲ್ಯಾಬ್ ಅಕ್ಕ, ಹಾಸನ

ಬೇಲೂರಿನವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಷ್ಟು ಹೊತ್ತು ಯಾರೂ ಬಂದ ಹಾಗೆ ಕಾಣಲಿಲ್ಲ. ನಾನು ಡಾಕ್ಟರ್ ಅಲ್ಲ, ಹದಿನೆಂಟು ವರ್ಷದಿಂದ ರಕ್ತ ತೆಗೆದು ಮೆಷಿನ್‌ಗೆ ಇಡುವವಳು. ಗಂಡನಿಗೂ ಸ್ಟೆಂಟ್ ಆಗಿದೆ, ಅದಕ್ಕೇ ಇಲ್ಲಿ ಓದುತ್ತಿರುತ್ತೇನೆ.

ಮೊದಲು ರಿಪೋರ್ಟ್‌ನಲ್ಲಿ ಯೂನಿಟ್ ನೋಡಿ. ಎಂಜಿ ಪರ್ ಲೀಟರ್ ಇದೆಯಾ, ಎಂಜಿ ಪರ್ ಡೆಸಿಲೀಟರ್ ಇದೆಯಾ. ಹತ್ತು ಪಟ್ಟು ವ್ಯತ್ಯಾಸ. ಒಂದು ಲ್ಯಾಬ್‌ನ 0.68 ಇನ್ನೊಂದು ಲ್ಯಾಬ್‌ನ 6.8 ಆಗಬಹುದು. "ಹೋದ ಸಲ ಸೊನ್ನೆ ಚಿಲ್ಲರೆ ಇತ್ತು, ಈಗ ಏಳರ ಹತ್ತಿರ" ಅಂತ ಅಳುತ್ತ ಬರುವವರನ್ನು ತಿಂಗಳಿಗೊಬ್ಬರನ್ನಾದರೂ ನೋಡುತ್ತೇನೆ.

ಲೀಟರ್ ಲೆಕ್ಕದಲ್ಲಿ 1ಕ್ಕಿಂತ ಕಡಿಮೆ ಒಳ್ಳೆಯದು, 1ರಿಂದ 3 ನಡುವೆ ಮಧ್ಯಮ, 3ಕ್ಕಿಂತ ಮೇಲೆ ಜಾಸ್ತಿ. 10 ದಾಟಿದರೆ ಹೃದಯದ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಬೇರೆ ಸೋಂಕು ಇದೆಯಾ ನೋಡಿ ಮತ್ತೆ ಮಾಡಿಸುತ್ತಾರೆ. ಒಂದೇ ಸಲದ್ದನ್ನು ನಂಬಬಾರದು, ಎರಡು ವಾರವಾದರೂ ಬಿಟ್ಟು ಇನ್ನೊಮ್ಮೆ ತೆಗೆದು ಎರಡರ ಸರಾಸರಿ ನೋಡಬೇಕು. ನಿಮ್ಮ ಡಾಕ್ಟರ್ ಹೇಳಿದ್ದು ಅದನ್ನೇ. ಬೆಂಗಳೂರಿನ ಅಣ್ಣನಿಗೆ ಅದು ಸಣ್ಣ ಮಾತು ಅನ್ನಿಸಿರಬೇಕು.

ಅಟ್ಯಾಕ್ ಆದಾಗ ಸಿಆರ್‌ಪಿ ಏರುತ್ತೆ, ಸ್ಟೆಂಟ್ ಹಾಕುವಾಗ ಬಲೂನ್ ಊದಿದರೂ ಏರುತ್ತೆ. ಟ್ಯಾಕ್ಸಿ ಅಣ್ಣನ 42 ಹಾಗೆ ಬಂದದ್ದು. ಆದರೆ ರಕ್ತದಲ್ಲಿರುವ ಸಿಆರ್‌ಪಿ ಸುಮಾರು 19 ಗಂಟೆಗೆ ಅರ್ಧವಾಗುತ್ತೆ. ಎರಡು ತಿಂಗಳಾದ ಮೇಲೂ 6.8 ಇದೆ ಅಂದರೆ ಯಾವುದೋ ಒಂದು ದಿನಾ ಅದನ್ನು ಹುಟ್ಟಿಸುತ್ತಿದೆ. ಅದು ಲಿವರ್‌ನಲ್ಲಿ ತಯಾರಾಗುವುದು, ಎಲ್ಲಿಂದ ಕರೆ ಬಂದರೂ ತಯಾರಾಗುತ್ತೆ. ಹೃದಯದಿಂದಲೇ ಬರಬೇಕು ಅಂತಿಲ್ಲ. ನೀವೇ ಬರೆದಿದ್ದೀರಿ, ಒಸಡು ಊದಿ ರಕ್ತ ಬರುತ್ತೆ, ಮಂಡಿ ನೋವು. ಅದನ್ನು "ಹಳೇದು" ಅಂತ ಬಿಟ್ಟುಬಿಟ್ಟಿದ್ದೀರಿ. ಒಸಡಿನ ಕಾಯಿಲೆಗೆ ಸಿಆರ್‌ಪಿ ಇಷ್ಟು ಏರುವುದು ಏನೂ ವಿಶೇಷ ಅಲ್ಲ. ಮಂಡಿ ಬಿಸಿಯಾಗಿ ಊದುತ್ತಿದ್ದರೆ ವಾತದ ಟೆಸ್ಟೂ ಬೇಕಾಗಬಹುದು.

ಮಂಡಿಗೆ ನುಂಗುವ ಅಂಗಡಿ ಮಾತ್ರೆ ಯಾವುದು? ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ಅಟ್ಯಾಕ್ ಆದವರಿಗೆ ಅವು ಒಳ್ಳೆಯದಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. 6.8ಕ್ಕಿಂತ ನನಗೆ ಇದರದ್ದೇ ಭಯ.

ಎನ್‌ಎಲ್‌ಆರ್ ಅಂದರೆ ಬೇರೆ ಟೆಸ್ಟ್ ಅಲ್ಲ. ಸಿಬಿಸಿಯಲ್ಲಿ, ಅಂದರೆ ರಕ್ತಕಣ ಎಣಿಸುವ ಟೆಸ್ಟ್‌ನಲ್ಲಿ, ನ್ಯೂಟ್ರೋಫಿಲ್ ಎಷ್ಟಿದೆ, ಅದನ್ನು ಲಿಂಫೋಸೈಟ್‌ನಿಂದ ಭಾಗಿಸುವುದು. ಎರಡೂ ಬಿಳಿ ರಕ್ತಕಣಗಳೇ. ಹತ್ತಿರ ಹತ್ತಿರ 74 ಭಾಗಿಸು 18 ಬಂದಿರಬೇಕು. ಪ್ಯಾಕೇಜ್‌ನವರು ಅದಕ್ಕೊಂದು ಸಾಲು ಸೇರಿಸಿ ದುಡ್ಡು ಹಾಕುತ್ತಾರೆ, ಅದು ನನಗೂ ಸಿಟ್ಟು. ಆಂಜಿಯೋಪ್ಲಾಸ್ಟಿಗೆ ಮುಂಚೆ ಎನ್‌ಎಲ್‌ಆರ್ ಜಾಸ್ತಿ ಇದ್ದವರಿಗೆ ನಾಳ ತೆರೆದರೂ ರಕ್ತ ಸರಿಯಾಗಿ ಹರಿಯದೇ ಇರುವುದು, ಸಾವು, ಇವೆಲ್ಲ ಜಾಸ್ತಿ ಕಂಡಿವೆ. ನಿಜ. ಆದರೆ ಇಷ್ಟು ದಾಟಿದರೆ ಅಪಾಯ ಅಂತ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಜ್ವರ, ಸ್ಟೀರಾಯ್ಡ್, ಹಿಂದಿನ ದಿನದ ಒತ್ತಡ, ಎಲ್ಲದಕ್ಕೂ ಅದು ಏರುತ್ತೆ. ಇಎಸ್‌ಆರ್ ಅಂತೂ ವಯಸ್ಸಿಗೆ, ರಕ್ತಹೀನತೆಗೆ ತಾನೇ ಏರುತ್ತೆ. ಹಿಮೋಗ್ಲೋಬಿನ್ ಎಷ್ಟಿದೆ ನೋಡಿ.

ಎದೆ ನೋವಿಲ್ಲ, ಎಕೋ ಚೆನ್ನಾಗಿದೆ, ಬರೀ ಸಿಆರ್‌ಪಿ ಕಂಡು ಆಂಜಿಯೋಗ್ರಾಂ ಮಾಡಿದ್ದನ್ನು ನಮ್ಮ ಕಡೆ ನಾನು ನೋಡಿಲ್ಲ. ಅದರಲ್ಲಿ ಹಾಕುವ ಡೈ ಕಿಡ್ನಿಗೆ ಸುಮ್ನೆ ಹೊರೆ.

ಮೂಡಿಗೆರೆ ಕಾಫಿ ಕಣ

ಹಾಗಾದರೆ ನನ್ನ 9.2 ಎಲ್ಲಿಂದ ಬಂತು ಮೇಡಂ? ನನ್ನ ಹಲ್ಲು ಗಟ್ಟಿ ಇದೆ.

ಲ್ಯಾಬ್ ಅಕ್ಕ, ಹಾಸನ

ಆಗ ಸಿಗರೇಟ್ ಸೇದುತ್ತಿದ್ದಿರಾ ಗೌಡ್ರೇ?

ಮೂಡಿಗೆರೆ ಕಾಫಿ ಕಣ

ಅದು ಬೇರೆ ವಿಷಯ.

ಬೇಲೂರಿನವನು

ಎಲ್ಲರಿಗೂ ಥ್ಯಾಂಕ್ಸ್. ಲ್ಯಾಬ್ ಅಕ್ಕ, ಯೂನಿಟ್ ಲೀಟರ್ ಲೆಕ್ಕದ್ದೇ. ನ್ಯೂಟ್ರೋಫಿಲ್ 74, ಲಿಂಫೋಸೈಟ್ 18, ನೀವು ಹೇಳಿದ ಹಾಗೇ ಇದೆ. ಅಪ್ಪನ ಅಂಗಿ ಜೇಬಿನಲ್ಲಿ ಸಿಕ್ಕಿದ್ದು ಅಸೆಕ್ಲೋಫೆನಾಕ್ ಸ್ಟ್ರಿಪ್. ಡಾಕ್ಟರಿಗೆ ಫೋನ್ ಮಾಡಿದೆ, ಬೈದು ನಿಲ್ಲಿಸಿ ಪ್ಯಾರಾಸಿಟಮಾಲ್ ಹೇಳಿದರು. ಇವತ್ತು ಹಲ್ಲಿನ ಡಾಕ್ಟರಿಗೂ ತೋರಿಸಿದೆವು. ಒಸಡಿನಲ್ಲಿ ಕೀವಿದೆಯಂತೆ, ಕ್ಲೀನ್ ಮಾಡಿ ಎರಡು ಹಲ್ಲು ಕೀಳಬೇಕಂತೆ. ಅದಕ್ಕೆ ಮುಂಚೆ ರಕ್ತದ ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ ಅಂದರು. ನಾಳೆಯಿಂದ ನಿಲ್ಲಿಸೋದಾ?

ಸಕಲೇಶಪುರ ಸೊಸೆ

ಬೇಡ! ನಿಲ್ಲಿಸಬೇಡಿ! ಮೇಲೆ ನಾನು ಬರೆದದ್ದು ಓದಿದಿರಾ ಇಲ್ವಾ? ಎರಡು ತಿಂಗಳ ಸ್ಟೆಂಟ್ ಅದು. ಹೃದಯದ ಡಾಕ್ಟರ್ ಬರೆದು ಕೊಡದೆ ಒಂದು ಮಾತ್ರೆಯನ್ನೂ ಬಿಡಬೇಡಿ. ನಮ್ಮ ಅತ್ತೆಗೆ ಆಮೇಲೆ ಇನ್ನೊಂದು ಹಲ್ಲು ಕೀಳಬೇಕಾಯಿತು. ಎರಡೂ ಮಾತ್ರೆ ಬೆಳಿಗ್ಗೆ ನುಂಗಿಸಿಯೇ ಕರೆದುಕೊಂಡು ಹೋದೆ. ಬೇರೆ ಹಲ್ಲಿನ ಡಾಕ್ಟರ್. ಒಂದು ಸಲಕ್ಕೆ ಒಂದೇ ಹಲ್ಲು ಕಿತ್ತು, ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಲು ಕೊಟ್ಟರು. ಸ್ವಲ್ಪ ಹೊತ್ತು ಜಾಸ್ತಿ ರಕ್ತ ಬಂತು, ನಿಂತಿತು. 1,800 ಆಯಿತು. 2,18,000 ಅಲ್ಲ.

ಲ್ಯಾಬ್ ಅಕ್ಕ, ಹಾಸನ

ಸಕಲೇಶಪುರದವರು ಹೇಳಿದ್ದನ್ನು ಕೇಳಿ. ಹಲ್ಲಿನ ಕೆಲಸ ಮುಗಿದು ಬಾಯಿ ಪೂರ್ತಿ ವಾಸಿಯಾದ ಮೇಲೆ ಸಿಆರ್‌ಪಿ ಮಾಡಿಸಿ. ಹಲ್ಲು ಕಿತ್ತ ವಾರದಲ್ಲೇ ಮಾಡಿಸಿದರೆ ಮತ್ತೆ ಏರಿರುತ್ತೆ, ನಿಮ್ಮ ಅಣ್ಣ ಮತ್ತೆ ಕೂಗುತ್ತಾರೆ. ಎಚ್‌ಎಸ್-ಸಿಆರ್‌ಪಿ ಒಂದೇ ಸಾಕು, ಅದೇ ಲ್ಯಾಬ್‌ನಲ್ಲಿ. ಪ್ಯಾಕೇಜ್ ಬೇಡ.

ಅರಸೀಕೆರೆ ಮೇಷ್ಟ್ರು

ನನ್ನ ಹಲ್ಲು ಕಿತ್ತಾಗಲೂ ಆಸ್ಪಿರಿನ್ ನಿಲ್ಲಿಸಲಿಲ್ಲ. ಬೈಪಾಸ್ ಆದವರಿಗೆ ಅದೂ ಒಂದು ಅನುಕೂಲ, ಬಹಳ ಜನಕ್ಕೆ ಒಂದೇ ಮಾತ್ರೆ ಸಾಕು.

ಸಕಲೇಶಪುರ ಸೊಸೆ

ಮೇಷ್ಟ್ರೇ, ಇನ್ನೊಂದು ಸಲ ಬೈಪಾಸ್ ಅಂದರೆ ನಾನೇ ಅರಸೀಕೆರೆಗೆ ಬರುತ್ತೇನೆ.

ಬೇಲೂರಿನವನು

ಹೃದಯದ ಡಾಕ್ಟರ್‌ಗೆ ಮತ್ತೆ ಫೋನ್ ಮಾಡಿದೆ. ನಿಲ್ಲಿಸಬಾರದು ಅಂತಲೇ ಹೇಳಿದರು. ಹಲ್ಲಿನವರಿಗೆ ಚೀಟಿ ಬರೆದು ಕೊಡುತ್ತಾರಂತೆ. ಸೋಮವಾರ ಅಪ್ಪನನ್ನು ಹಾಸನಕ್ಕೆ ಕರೆದುಕೊಂಡು ಹೋಗಬೇಕು. ಅಣ್ಣ ಆಂಜಿಯೋಗ್ರಾಂ ಮಾತು ಸದ್ಯಕ್ಕೆ ಬಿಟ್ಟಿದ್ದಾನೆ, ಈಗ ಹಲ್ಲಿಗೆ ಬೆಂಗಳೂರಿಗೆ ಬನ್ನಿ ಅನ್ನುತ್ತಿದ್ದಾನೆ.

ಹೊಳೆನರಸೀಪುರ ಟ್ಯಾಕ್ಸಿ

ಅಣ್ಣಾ, ಸೋಮವಾರ ಬೇಲೂರು ಕಡೆ ಬಾಡಿಗೆ ಇದೆ. ವಾಪಸ್ ಬರುವಾಗ ಖಾಲಿ ಗಾಡಿ. ಬೇಕಾದರೆ ಹೇಳಿ, ಡೀಸೆಲ್ ಕಾಸು ಕೊಟ್ಟರೆ ಸಾಕು.

ಮೂಡಿಗೆರೆ ಕಾಫಿ ಕಣ

ಇದು ಬಿಪಿಎಲ್ ರೇಟಾ?

ಹೊಳೆನರಸೀಪುರ ಟ್ಯಾಕ್ಸಿ

ಹೌದು. ನೀವು ಕರೆದರೆ ಎಸ್ಟೇಟ್ ರೇಟು.